ಅಂಗೈ ಮೇಲಿನ ಸಪ್ಪಳ

“ಬಾರಸ್ರಿ, ನಾಚಬ್ಯಾಡ್ರಿ,” ಎಂದು ಶಿವಲಿಂಗ ಎಡಗೈಯನ್ನು ಇನ್ನಷ್ಟು ಮುಂದೆ ಚಾಚಿದ. ಬಲಗೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು, ತಲೆಯ ಮೇಲೆ ಹಳೇ ಪಿಕಪ್ಪಿನ ಬಾನೆಟ್ಟು ಬಾಯಿ ತೆರೆದು ನಿಂತಿತ್ತು. ಗಾಡಿಯ ಧಣಿ, ತೇರಗಾಂವದ ದ್ಯಾಮಪ್ಪ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಗುಡಿಯೊಳಗೆ ಕಾಲಿಟ್ಟವನ ಹಾಗೆ. ಆಮೇಲೆ ಎರಡು ಬೆರಳುಗಳನ್ನು ಶಿವಲಿಂಗನ ಅಂಗೈಯ ಮೇಲೆ ಊರಿ, ಓಡುತ್ತಿದ್ದ ಇಂಜಿನ್ನಿಗೆ ಕಿವಿಗೊಟ್ಟು, ಒಂದು ಕ್ಷಣ ತಡೆದು, ಜಾಗ ಸಿಕ್ಕಿತು ಎನ್ನಿಸಿದ ಮೇಲೆ ಅದರ ಸಪ್ಪಳವನ್ನು ಬಾರಿಸತೊಡಗಿದ. ಟಿಕ್ ಟಿಕ್ ಟಿಕ್ ಟಿಕ್. ಎಷ್ಟು ಶುದ್ಧವಾಗಿತ್ತು ಆ ಪೆಟ್ಟು! ಬೇರೆಯವರ ಬೆರಳು ಎಡವುತ್ತಿದ್ದವು, ಬೆವರುತ್ತಿದ್ದವು, ನಗುತ್ತ ನಡುವೆ ನಿಲ್ಲುತ್ತಿದ್ದವು. ಇವನ ಬೆರಳು ಹಾಗಲ್ಲ. ಊರಿನ ಭಜನಾ ಮೇಳದಲ್ಲಿ ತಾಳ ಹಿಡಿಯುವ ಕೈ ಅದು; ಬಂದ ಕೂಡಲೇ ಅವನೇ ಹೇಳಿಕೊಂಡಿದ್ದ. ಶಿವಲಿಂಗ ಇಂಜಿನ್ನಿಗೆ ಡೀಸೆಲ್ ಒಯ್ಯುವ ಮೊದಲನೇ ಪೈಪಿನ ನಟ್ಟು ಸಡಿಲಿಸಿದ. ಡೀಸೆಲ್ ನೊರೆ ಉಕ್ಕಿತು, ಇಂಜಿನ್ನು ಕುಂಟಿತು, ಅಂಗೈ ಮೇಲಿನ ತಾಳ ಹಾಗೆಯೇ ಇತ್ತು. ಬಿಗಿ ಮಾಡಿ ಎರಡನೆಯದನ್ನು ಸಡಿಲಿಸಿದ. ಹಾಗೆಯೇ ಇತ್ತು. ಮೂರನೆಯದು. ನಾಲ್ಕನೆಯದು. ದ್ಯಾಮಪ್ಪ ಕಣ್ಣು ಮುಚ್ಚಿದ್ದ. ಅವನ ತುಟಿಯ ಮೇಲೆ ಯಾವುದೋ ಪದ ಸದ್ದಿಲ್ಲದೆ ಸರಿದಾಡುತ್ತಿತ್ತು. ಇಂಜಿನ್ನಿನ ನಾಲ್ಕೂ ಸಿಲಿಂಡರುಗಳಲ್ಲಿ ಬೆಂಕಿ ಒಂದೊಂದಾಗಿ ಆರಿಸಿದರೂ ಸಪ್ಪಳ ಕದಲಲಿಲ್ಲವೆಂದರೆ ರೋಗ ಕೆಳಗಿನ ಬೇರಿಂಗಿನಲ್ಲಿಲ್ಲ, ಮೇಲೆ ವಾಲ್ವುಗಳಲ್ಲಿದೆ. ಅದು ಸಣ್ಣ ರೋಗ. ಶಿವಲಿಂಗ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

“ಟ್ಯಾಪೆಟ್,” ಎಂದ.

“ನಾ ಏನೇನೋ ಅಂದ್ಕೊಂಡಿದ್ನಿರಿ ಮಿಸ್ತ್ರಿ,” ಎಂದು ದ್ಯಾಮಪ್ಪ ಟೋಪಿ ತಲೆಗೇರಿಸಿದ. “ಹಳಿಯಾಳದಾಗ ಒಬ್ಬಾಂವ ಇಂಜಿನ್ ಇಳಸ್ಬೇಕು ಅಂದಿದ್ದ. ಅಂವಗ ನಾನೂ ಅಂದ್ನಿ, ನಿಂದು ಬ್ಯಾಡಪಾ, ಅಂಬೇವಾಡಿಯೊಳಗ ಒಬ್ರು ಅದಾರ, ಅವರು ಕೈಲೇ ಕೇಳ್ತಾರ ಅಂತ.”

ಕೈಲೇ ಕೇಳ್ತಾರ. ಆ ಮಾತನ್ನು ಶಿವಲಿಂಗ ಕಿವಿಯಿಂದ ಕೇಳಲಿಲ್ಲ, ದ್ಯಾಮಪ್ಪನ ತುಟಿಯಿಂದ ಓದಿಕೊಂಡ. ದಾಂಡೇಲಿಯಿಂದ ಜೋಯಿಡಾದವರೆಗೆ ಡ್ರೈವರುಗಳು ಚಹಾದಂಗಡಿಗಳಲ್ಲಿ ಹೇಳಿಕೊಳ್ಳುತ್ತಿದ್ದ ಕಥೆ ಇದು: ಅಂಬೇವಾಡಿಯ ಶಿವಲಿಂಗ ಮಿಸ್ತ್ರಿ ಇಂಜಿನ್ನಿಗೆ ಕಿವಿ ಹಚ್ಚುವುದಿಲ್ಲ, ಗಾಡಿಯವನಿಂದ ಅಂಗೈ ಮೇಲೆ ಸಪ್ಪಳ ಬಾರಿಸಿಕೊಳ್ಳುತ್ತಾನೆ, ಕಣ್ಣು ಕಿರಿದು ಮಾಡಿ ರೋಗ ಹೇಳುತ್ತಾನೆ. ಇದು ಶುರುವಾದದ್ದು ಮಹಾಬಳೇಶ್ವರ ಎಂಬ ಜೋಯಿಡಾ ಕಡೆಯ ಡ್ರೈವರನಿಂದ. ಅವನಿಗೆ ಕೊಂಕಣಿ ಬಿಟ್ಟರೆ ಬೇರೆ ಬಾರದು. ಕೈಸನ್ನೆ ಮಾಡಿ ಸಾಕಾಗಿ ಕಡೆಗೆ ಶಿವಲಿಂಗನ ಕೈ ಹಿಡಿದೆಳೆದು ಅಂಗೈ ಮೇಲೆ ಟಕಟಕ ಬಡಿದು ತೋರಿಸಿದ್ದ. ಅದೇ ದಿನಗಳಲ್ಲಿ ಶಿವಲಿಂಗನ ಲೋಕದಿಂದ ಸಣ್ಣ ಸಪ್ಪಳಗಳೆಲ್ಲ ಒಂದೊಂದಾಗಿ ಎದ್ದು ಹೋಗುತ್ತಿದ್ದವು. ಗುಬ್ಬಿ ಹೋಗಿತ್ತು, ಹೆಂಡತಿ ಸುವರ್ಣಾಳ ಬಳೆ ಹೋಗಿತ್ತು, ಕುಕ್ಕರಿನ ಸೀಟಿ ಹೋಗಿತ್ತು. ಲಾರಿಯ ಹಾರ್ನು ಉಳಿದಿತ್ತು, ಬಾಗಿಲು ಬಡಿದದ್ದು, ಗಂಡಸರ ಮಾತಿನ ಗೊಗ್ಗರು ಭಾಗ ಉಳಿದಿತ್ತು. ಮಾತಿನ ಮಾಂಸ ಉಳಿದು ಎಲುಬು ಹೋದಂತೆ. ಟ್ಯಾಪೆಟ್ಟಿನ ಟಿಕ್ ಎಂಬುದು ಯಾವತ್ತು ಹೋಯಿತೋ ಅವನಿಗೆ ಗೊತ್ತಿಲ್ಲ. ಒಂದು ದಿನ ಎಲ್ಲ ಇಂಜಿನ್ನುಗಳೂ ಸುಸ್ಥಿತಿಯಲ್ಲಿದ್ದವು. ಆ ದಿನ ಅವನು ಖುಷಿಪಟ್ಟಿದ್ದ ಕೂಡ, ತನ್ನ ಕೈಗುಣ ಹೆಚ್ಚಿತೆಂದು. ಅದನ್ನು ನೆನೆದರೆ ಇವತ್ತಿಗೂ ಕತ್ತಿನ ಹಿಂಭಾಗ ಬಿಸಿಯಾಗುತ್ತದೆ.

ಇಂಜಿನ್ನು ಬಂದ್ ಮಾಡಿ, ಮೇಲಿನ ಮುಚ್ಚಳ ತೆಗೆದು, ಅವನು ಒಂದೊಂದೇ ವಾಲ್ವಿನ ಸಂದಿನಲ್ಲಿ ಗೇಜಿನ ತೆಳ್ಳನೆಯ ಪಟ್ಟಿ ಇಳಿಸಿದ. ಇದು ಅವನ ರಾಜ್ಯ. ಪಟ್ಟಿ ಎಳೆದರೆ ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಎಂಬುದು ಬೆರಳಿಗೇ ಗೊತ್ತು, ಅಲ್ಲಿ ಕಿವಿಯ ಹಂಗಿಲ್ಲ. ಎರಡು ವಾಲ್ವುಗಳ ಸಂದು ನಿಜವಾಗಿಯೂ ಹೆಚ್ಚಾಗಿತ್ತು. ಅದು ಕಂಡ ಕೂಡಲೇ ಅವನ ಎದೆ ಹಗುರಾಯಿತು. ತಾನು ಹೇಳಿದ್ದು ಸರಿ, ಕೈ ಸುಳ್ಳು ಹೇಳಲಿಲ್ಲ. ಹಳೇ ಇಂಜಿನ್ನುಗಳಲ್ಲಿ ಒಂದೆರಡು ಸಂದು ಯಾವಾಗಲೂ ಹೆಚ್ಚೇ ಇರುತ್ತವೆ ಎಂಬುದನ್ನು ಅವನ ತಲೆ ಆ ಹೊತ್ತಿನಲ್ಲಿ ಬೇಕೆಂದೇ ನೆನಪು ಮಾಡಿಕೊಡಲಿಲ್ಲ. ಮುಚ್ಚಳ ಹಾಕಿ ಮತ್ತೆ ಸ್ಟಾರ್ಟ್ ಮಾಡಿಸಿದಾಗ ಅವನು ಮಾಡಿದ್ದು ಅವನು ಯಾವಾಗಲೂ ಮಾಡುವ ಕೆಲಸ: ತಲೆ ಓರೆ ಮಾಡಿ, ಎರಡು ಹುಬ್ಬುಗಳ ನಡುವೆ ಗೆರೆ ತಂದುಕೊಂಡು, ಕೇಳುವವನ ಮುಖ ಹಾಕಿಕೊಂಡು ನಿಂತದ್ದು. ಆ ಮುಖವನ್ನು ಅವನು ಕನ್ನಡಿಯಲ್ಲಿ ಎಂದೂ ನೋಡಿಕೊಂಡಿರಲಿಲ್ಲ, ನೋಡಿಕೊಳ್ಳುವ ಧೈರ್ಯವೂ ಇರಲಿಲ್ಲ.

“ಹೋಗಿರ್ಬೇಕಲ್ಲ ಈಗ?”

ದ್ಯಾಮಪ್ಪ ಇಂಜಿನ್ನನ್ನು ನೋಡಿದ, ಶಿವಲಿಂಗನ ಮುಖ ನೋಡಿದ. “ಹೂಂ... ಹಗುರಾತ್ರಿ,” ಎಂದ. “ಭಾಳ ಹಗುರಾತು.”

ಗ್ಯಾರೇಜಿನ ಹಿಂದೆಯೇ ಮನೆ. ನಡುವೆ ಅಡಿಗೆ ಮನೆಯ ಕಿಟಕಿ, ಅದರ ಪಕ್ಕದ ಬಾಗಿಲಿನಿಂದ ಸುವರ್ಣಾ ಚಹಾದ ಕಪ್ಪುಗಳ ತಾಟನ್ನು ಹಿಡಿದು ಬಂದಳು. ದ್ಯಾಮಪ್ಪನಿಗೆ ಕೊಟ್ಟು, ಗಂಡನಿಗೆ ಕೊಡುವಾಗ ಇಂಜಿನ್ನಿನ ಕಡೆ ತಿರುಗದೆ, ಅವನಿಗೆ ತುಟಿ ಕಾಣುವಂತೆ ನಿಂತು, “ಇನ್ನೂ ಐತ್ರಿ ಅದು,” ಎಂದಳು. ಮೆಲ್ಲಗೇ ಹೇಳಿರಬೇಕು. ಆದರೆ ದ್ಯಾಮಪ್ಪನ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು.

“ಏನೈತಿ?” ಎಂದ ಶಿವಲಿಂಗ.

“ಸಪ್ಪಳಾ.”

ಶಿವಲಿಂಗ ನಕ್ಕ. ಆ ನಗು ಎಲ್ಲಿಂದ ಬಂತೋ, ಬಾಯಲ್ಲಿ ಕಬ್ಬಿಣದ ರುಚಿ ಬಿಟ್ಟು ಬಂತು. “ನೀ ಒಳಗ ನಡಿ. ಕುಕ್ಕರ್ ಸೀಟಿ ಎಣಸು ಹೋಗು. ನಾಳಿಂದ ಗ್ಯಾರೇಜ್ ಬೋರ್ಡಿನ ಮ್ಯಾಲೆ ನಿನ್ನ ಹೆಸರ ಬರಸ್ತೇನಿ.” ದ್ಯಾಮಪ್ಪನೂ ನಗಬೇಕಾಯಿತು. ಸುವರ್ಣಾ ಖಾಲಿ ತಾಟನ್ನು ಎದೆಗೆ ಹಿಡಿದು ಒಳಗೆ ಹೋದಳು. ಅವಳ ಬೆನ್ನು ಬಾಗಿಲಿನಲ್ಲಿ ಮರೆಯಾಗುವುದನ್ನು ಅವನು ನೋಡಲಿಲ್ಲ. ನೋಡದೇ ಇರುವುದಕ್ಕಾಗಿ ಚಹಾದೊಳಗೆ ನೋಡಿದ. ದ್ಯಾಮಪ್ಪ ಹೇಳುತ್ತಿದ್ದ: ಇವತ್ತು ಮುಂಡಗೋಡ ಕಡೆ ಪಾಳಾ ಅನ್ನೋ ಊರಲ್ಲಿ ಭಜನೆ ಐತಿ, ಊರಿಗೆ ಹೋಗಿ ಮೇಳದವರನ್ನೆಲ್ಲ ಹಿಂದೆ ಹತ್ತಿಸಿಕೊಂಡು ಹೋಗಬೇಕು, ಹೆಣ್ಣುಮಕ್ಕಳೂ ಅದಾರ, ಅದಕ್ಕೇ ಗಾಡಿ ತೋರಿಸಿಯೇ ಒಯ್ಯೋಣು ಅಂತ ಮುಂಜಾನೆ ಎದ್ದು ಬಂದೆ. ಶಿವಲಿಂಗ ಆ ತುಟಿಗಳನ್ನು ಓದುತ್ತ ತಲೆಯಾಡಿಸಿದ. ತಲೆಯಾಡಿಸುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಪಿಕಪ್ಪು ತಿರುವಿನಲ್ಲಿ ಮರೆಯಾಗುವಾಗ ದ್ಯಾಮಪ್ಪ ಕಿಟಕಿಯಿಂದ ಕೈ ಬೀಸಿದ. ಆ ಕೈಯ ಎರಡು ಬೆರಳುಗಳ ಕಾವು ಇನ್ನೂ ಇವನ ಅಂಗೈಯಲ್ಲಿತ್ತು.

ಸವೆದ ಟೈರುಗಳ ಗುಡ್ಡೆಯ ಮೇಲೆ ಕುಳಿತು ಅವನು ಕೈ ಒರೆಸಿಕೊಂಡ. ಒರೆಸಿಕೊಂಡದ್ದನ್ನೇ ಮತ್ತೆ ಒರೆಸಿಕೊಂಡ. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಶರಣಬಸವ ಎದುರಾದದ್ದು ಯಾಕೆ ಈಗ ನೆನಪಾಗಬೇಕು? ಎಷ್ಟೋ ಗಾಡಿಗಳನ್ನು ಇವನ ಹತ್ತಿರವೇ ಮಾಡಿಸಿದ ಮುದುಕ. ಬಸ್ಸುಗಳ ಗದ್ದಲದಲ್ಲಿ ಹತ್ತಿರ ಬಂದು, ತಲೆ ತಗ್ಗಿಸಿ ಏನೋ ಹೇಳಿದ್ದ. ತುಟಿ ಕಾಣಲಿಲ್ಲ. ಶಿವಲಿಂಗ ಎಂದಿನಂತೆ ನಗುತ್ತ, ಭುಜ ತಟ್ಟಿ, “ಛಲೋ ಆತ ಬಿಡ್ರಿ, ನಿಮಗೂ ಆರಾಮ ಆತು,” ಎಂದಿದ್ದ. ಶರಣಬಸವ ತಲೆಯೆತ್ತಿದ. ಆ ಮುಖ. ಮನೆಗೆ ಬಂದ ಮೇಲೆ ಸುವರ್ಣಾ ಹೇಳಿದಳು, ಪಾಪ ಶರಣಬಸಣ್ಣನ ಹೆಂಡತಿ ತೀರಿಕೊಂಡಳಂತೆ ಅಂತ. ಅವನು ಊಟ ಮುಗಿಸಿದ್ದ. ಅನ್ನ ಕಲಸಿದ ಕೈ ಹಾಗೆಯೇ ಒಣಗುತ್ತಿತ್ತು. ಆಗಲೂ ಹೋಗಿ ಹೇಳಬಹುದಿತ್ತು, ನನಗೆ ಕೇಳಿಸಲಿಲ್ಲಪ್ಪಾ, ತಪ್ಪು ತಿಳಿಯಬೇಡ ಅಂತ. ಹೇಳಲಿಲ್ಲ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕಟುಕ ಅನ್ನಿಸಿಕೊಳ್ಳುವುದೇ ಮೇಲು ಎಂದು ಅವನೊಳಗೆ ಯಾರೋ ಆವತ್ತೇ ತೀರ್ಮಾನ ಮಾಡಿಬಿಟ್ಟಿದ್ದರು. ಇವನನ್ನು ಕೇಳಿಯೂ ಇರಲಿಲ್ಲ.

ಎದ್ದು ಒಳಗೆ ಹೋದ. ಸುವರ್ಣಾ ಒಲೆಯ ಮುಂದೆ ಇರಲಿಲ್ಲ, ಕಿಟಕಿಯ ಪಕ್ಕ ನೆಲದ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅಲ್ಲಿಂದ ಗ್ಯಾರೇಜಿನ ಅಂಗಳವೆಲ್ಲ ಕಾಣುತ್ತಿತ್ತು. ಇಷ್ಟು ವರ್ಷ ಅವಳು ಸೊಪ್ಪು ಬಿಡಿಸಲು, ಅಕ್ಕಿ ಆರಿಸಲು, ಅಂಗಿಗೆ ಗುಂಡಿ ಹಚ್ಚಲು ಅಲ್ಲಿಯೇ ಯಾಕೆ ಕೂರುತ್ತಿದ್ದಳು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

“ಏನ್ ಕೇಳಿಸ್ತು ನಿನಗ?” ಎಂದ.

ಅವಳು ಮುಖವೆತ್ತಿ, ತುಟಿ ಕಾಣುವಂತೆ ಹೇಳಿದಳು: “ನೀವು ನಟ್ಟ ಬಿಚ್ಚಿ ಬಿಚ್ಚಿ ನೋಡ್ತಿದ್ರಲ್ಲ, ಆವಾಗ ನಡುವ ಒಮ್ಮೆ ನಿಂತಿತ್ತದು. ಪೂರಾ ನಿಂತಿತ್ತು. ನೀವು ಮತ್ತ ಬಿಗಿ ಮಾಡಿದ್ರಿ, ಮತ್ತ ಶುರು ಆತು.”

“ಯಾವದು ಬಿಚ್ಚಿದಾಗ?”

“ನನಗೇನು ಗೊತ್ತು? ಎರಡು ಆಗಿದ್ವು, ಮುಂದಿಂದು.”

ಮೂರನೆಯದು. ಶಿವಲಿಂಗ ಗೋಡೆಗೆ ಆತುಕೊಂಡ. ಮೂರನೆಯದು ಸಡಿಲಿಸಿದಾಗ ಸಪ್ಪಳ ನಿಂತಿತ್ತೆಂದರೆ ಅದು ಕೆಳಗಿನದು, ಮೂರನೆಯ ರಾಡಿನ ಬೇರಿಂಗು. ಆದರೆ ಅಂಗೈ ಮೇಲಿನ ತಾಳ ನಿಲ್ಲಲಿಲ್ಲವಲ್ಲ? ದ್ಯಾಮಪ್ಪನ ಮುಚ್ಚಿದ ಕಣ್ಣು, ಸರಿದಾಡುವ ತುಟಿ. ಒಮ್ಮೆಲೇ ಅವನಿಗೆ ತಿಳಿಯಿತು. ಭಜನೆಯಲ್ಲಿ ಹಾಡುವವನ ಉಸಿರು ಕಟ್ಟಿದರೂ, ಪದ ಮರೆತರೂ, ಹಾರ್ಮೋನಿಯಂ ಪೆಟ್ಟಿಗೆಯವನು ಸ್ವರ ಬಿಟ್ಟರೂ, ತಾಳದವನು ಬಿಡಬಾರದು. ಬಿಟ್ಟ ಜಾಗವನ್ನು ತುಂಬಿಕೊಂಡು ಹೋಗುವುದೇ ಅವನ ಕೆಲಸ. ಇಂಜಿನ್ನು ಪದ ಮರೆತಿತ್ತು. ದ್ಯಾಮಪ್ಪ ಅದಕ್ಕೆ ದಾರಿ ತೋರಿಸುತ್ತ, ಅದು ಮರಳಿ ಬರುವ ತನಕ ತಾಳ ಹಿಡಿದುಕೊಂಡು ನಿಂತ. ಎಂಥ ಒಳ್ಳೆಯ ಕೈ.

“ನಿನಗ ಯಾವಾಗಿಂದ ಗೊತ್ತು?”

“ಯಾವದು? ನಿಮಗ ಕೇಳ್ಸೂದಿಲ್ಲ ಅನ್ನೂದಾ?” ಸೊಪ್ಪಿನ ಕಡ್ಡಿ ಮುರಿದು ಬದಿಗಿಟ್ಟಳು. “ವಿದ್ಯಾವತಿ ಫೋನ್ ಮಾಡಿದಾಗೊಮ್ಮೆ ನನ್ನ ಕೈಗೆ ಕೊಟ್ಟು ಓಡಿ ಹೋಗ್ತೀರಿ. ಮಗಳು ಅಳ್ತಾಳ, ಅಪ್ಪಾಗ ನಾ ಬ್ಯಾಡಾಗೇನಿ ಅಂತ. ಅದನ್ನ ಯಾರರ ಬಂದು ಹೇಳ್ಬೇಕೇನು ನನಗ?”

“ಊರಾಗ ಯಾರಿಗೂ ಗೊತ್ತಿಲ್ಲ.”

“ನಾ ಹೇಳಿಲ್ಲಲ್ರಿ, ಹೆಂಗ ಗೊತ್ತಾಗ್ಬೇಕು.”

ಆಗ ಅವನಿಗೆ ಇನ್ನೊಂದು ತಿಳಿಯಿತು, ಮತ್ತು ಅದು ತಿಳಿಯದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬಡಿಸುತ್ತ ಅವಳು ಸುಮ್ಮನೆ ಅನ್ನುತ್ತಿದ್ದ ಮಾತುಗಳು. ಆ ಬಿಳೇ ಗಾಡಿ ಹೋಗುವಾಗ ಹಿಂದಿನ ಗಾಲಿ ಅತ್ತಂಗ ಆಗ್ತಿತ್ತು. ಆ ಟ್ರ್ಯಾಕ್ಟರ್ ಯಾಕೋ ಏದುಸಿರು ಬಿಡ್ತಿತ್ತು. ಅವನು ಅದನ್ನು ಹೆಂಗಸರ ಮಾತೆಂದು ಅನ್ನದ ಜೊತೆ ನುಂಗಿ, ಮರುದಿನ ಅದೇ ಗಾಲಿಯನ್ನು ಬಿಚ್ಚಿಸಿ, ತನಗೇ ಹೊಳೆಯಿತೆಂದು ನಂಬಿದ್ದ. ಹೀಗೆ ಎಷ್ಟು ಗಾಡಿ? ಅವನ ಹೆಸರಿನಲ್ಲಿ ಅವನದು ಎಷ್ಟು ಉಳಿಯಿತು?

“ಪಾಳಾಕ್ಕ ಹೊಂಟಾರವರು, ಮಂದಿ ಹತ್ತಿಸ್ಕೊಂಡು,” ಎಂದ. ಇಷ್ಟೇ ಹೇಳಿದರೂ ಉಳಿದದ್ದು ತನಗೇ ಕಾಣುತ್ತಿತ್ತು. ಬೇರಿಂಗು ತಿಂದುಹೋದ ರಾಡು ಎಳೆತ ಬಿದ್ದಲ್ಲಿ ಕಿತ್ತುಕೊಂಡು ಇಂಜಿನ್ನಿನ ಗೋಡೆ ಒಡೆದು ಹೊರಬರುತ್ತದೆ. ಇಂಜಿನ್ನು ಸತ್ತರೆ ಬ್ರೇಕಿನ ಬಲವೂ ಅದರ ಜೊತೆ ಸಾಯುತ್ತದೆ. ಇಳಿಜಾರಿನಲ್ಲಿ, ಹಿಂದೆ ಜನ ಕುಳಿತಿರುವಾಗ.

“ನಾ ಫೋನ್ ಹಚ್ಚಲೇನು?” ಎಂದು ಅವಳು ಹಚ್ಚಿಯೂ ಬಿಟ್ಟಳು. ಫೋನನ್ನು ಕಿವಿಗಿಟ್ಟುಕೊಂಡ ಅವಳ ಮುಖವನ್ನು ಅವನು ನೋಡುತ್ತ ನಿಂತ. ಎತ್ತದಿರಲಿ ಎಂದು ಒಂದು ಮನಸ್ಸು, ಎತ್ತಲಿ, ಇವಳೇ ಎಲ್ಲ ಹೇಳಿಬಿಡಲಿ ಎಂದು ಇನ್ನೊಂದು. “ಎತ್ತವಲ್ರು,” ಎಂದಳು. “ಗಾಡಿ ಹೊಡಿಯಾಕತ್ತಿರ್ಬೇಕು. ನೀವ ಹೋಗ್ರಿ.”

ಮೋಟರ್ ಸೈಕಲ್ಲು ಊರು ದಾಟಿ ಹಳಿಯಾಳದ ದಾರಿ ಹಿಡಿದಾಗ ಎರಡೂ ಬದಿ ಸಾಗವಾನಿ ಮರಗಳು ಬಿಸಿಲನ್ನು ಕತ್ತರಿಸಿ ಕತ್ತರಿಸಿ ರಸ್ತೆಗೆ ಎಸೆಯುತ್ತಿದ್ದವು. ಅವನು ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳತೊಡಗಿದ. ದ್ಯಾಮಪ್ಪನವರೇ, ನನ್ನಿಂದ ತಪ್ಪಾಗೈತಿ. ಇಲ್ಲ, ತಪ್ಪು ಅನ್ನುವುದು ಬೇಡ. ಆಮೇಲೆ ನನಗೊಂದು ಸಂಶಯ ಬಂತು ನೋಡ್ರಿ. ಹೌದು, ಸಂಶಯ; ದೊಡ್ಡ ಮಿಸ್ತ್ರಿಗಳಿಗೆ ಸಂಶಯ ಬರುತ್ತದೆ, ಅದು ಅವರ ದೊಡ್ಡತನ. ಗ್ಯಾರೇಜು ಬಿಟ್ಟು ಗಿರಾಕಿಯ ಬೆನ್ನು ಹತ್ತಿ ಬಂದ ಮಿಸ್ತ್ರಿ! ಜನ ಇದನ್ನೂ ಒಂದು ಕಥೆ ಮಾಡಿ ಹೇಳಬಹುದು. ಹೀಗೆ ಯೋಚಿಸುತ್ತಿದ್ದೇನೆಂದು ಗೊತ್ತಾದ ಕೂಡಲೇ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯಾದರೂ ಆ ಕಥೆಯನ್ನು ಕೊನೆಯವರೆಗೆ ಹೇಳಿ ಮುಗಿಸಿದ. ಒಂದು ಬಸ್ಸು ಹಿಂದಿನಿಂದ ಬಂದು ಮೊಣಕೈ ಸವರುವಷ್ಟು ಹತ್ತಿರ ದಾಟಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಏನೋ ಬೈಯುತ್ತಿದ್ದ. ತುಟಿಯಿಂದ ಆ ಬೈಗುಳವನ್ನು ಇವನು ಪೂರ್ತಿ ಓದಿಕೊಂಡ, ಒಂದು ಅಕ್ಷರ ಬಿಡದೆ. ಪ್ರತಿ ತಿರುವಿನಲ್ಲಿ ಅವನ ಕಣ್ಣು ರಸ್ತೆ ಬದಿಯನ್ನು ಹುಡುಕುತ್ತಿತ್ತು. ಎಲ್ಲಿಯಾದರೂ ಪಿಕಪ್ಪು ಕೆಟ್ಟು ನಿಂತಿರಲಿ, ಬಾನೆಟ್ಟು ಎತ್ತಿರಲಿ, ಕೆಳಗೆ ಎಣ್ಣೆ ಹರಿದಿರಲಿ ಎಂದು ಅವನು ಹಾರೈಸುತ್ತಿದ್ದ. ಕೆಟ್ಟು ನಿಂತಿದ್ದರೆ ಹೇಳುವುದೇನೂ ಉಳಿಯುವುದಿಲ್ಲ. ಹಳೇ ಗಾಡಿ, ಎಷ್ಟು ದಿನ ಬಾಳೀತು ಅಂದರೆ ಮುಗಿಯಿತು. ಹಳಿಯಾಳ ಬಂತು, ದಾಟಿತು. ಪಿಕಪ್ಪು ಎಲ್ಲಿಯೂ ನಿಂತಿರಲಿಲ್ಲ. ಹಳೇ ಇಂಜಿನ್ನು ತನ್ನ ಯೋಗ್ಯತೆ ಮೀರಿ ನಡೆದಿತ್ತು.

ತೇರಗಾಂವದ ಬಸವಣ್ಣನ ಗುಡಿಯ ಮುಂದೆ ಅದು ಸ್ಟಾರ್ಟಿನಲ್ಲೇ ನಿಂತಿತ್ತು. ಹಿಂದೆ ಜಮಖಾನೆ ಹಾಸಿ ಹೆಣ್ಣುಮಕ್ಕಳನ್ನು ಹತ್ತಿಸುತ್ತಿದ್ದರು. ಹಾರ್ಮೋನಿಯಂ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಒಬ್ಬ ಆಗಲೇ ಕುಳಿತಿದ್ದ, ಹಣೆ ತುಂಬ ವಿಭೂತಿ. ಅಡಿವೆಯ್ಯ ಎಂದು ಯಾರೋ ಕೂಗಿದ್ದನ್ನು ತುಟಿಯಿಂದ ಓದಿ ಅವನ ಹೆಸರು ತಿಳಿದುಕೊಂಡ. ದ್ಯಾಮಪ್ಪ ಇವನನ್ನು ಕಂಡು ಎರಡೂ ಕೈ ಎತ್ತಿದ.

“ಅರೆ, ಮಿಸ್ತ್ರಿ! ಭಜನಿಗೆ ಬಂದ್ರೇನು? ಬರ್ರಿ ಬರ್ರಿ. ಏ ಅಡಿವೆಯ್ಯಾ, ಇವರ ನೋಡಪಾ ನಾ ಹೇಳ್ತಿದ್ದದ್ದು. ಕೈಲೇ ಕೇಳ್ತಾರ.”

“ಹಂಗಾರ ಇವರ ಮುಂದ ಚಪ್ಪಾಳಿ ಹೊಡದ್ರ ಸಾಕು, ಹಾಡೂದ ಬ್ಯಾಡ,” ಎಂದ ಅಡಿವೆಯ್ಯ. ಹೆಂಗಸರು ನಕ್ಕರು.

ಶಿವಲಿಂಗನ ಬಾಯಲ್ಲಿ ಜೋಡಿಸಿಕೊಂಡ ಮಾತು ಒಂದೂ ಇರಲಿಲ್ಲ. “ಒಂದ ನಟ್ಟ ಬಿಗಿ ಮಾಡೂದು ಉಳದೈತಿ,” ಎಂದ.

“ಅಷ್ಟಕ್ಕ ಇಲ್ಲೀತನಾ ಬಂದ್ರಿ? ಯಾವ ನಟ್ಟ ಹೇಳ್ರಿ, ನಾನ ಮಾಡ್ತೇನಿ.”

ಯಾವ ನಟ್ಟು? ಅವನು ಬಾನೆಟ್ಟು ಎತ್ತಿದ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಇಂಜಿನ್ನು ನಡುಗುತ್ತಿತ್ತು, ಅವನ ಮಟ್ಟಿಗೆ ತುಂಬ ಸಭ್ಯವಾಗಿ, ಯಾವ ದೂರೂ ಇಲ್ಲದೆ. “ಮಂದೀನ ಇಳಸ್ರಿ,” ಎಂದ.

“ಯಾಕ್ರಿ?”

“ಇದರಾಗ ಯಾರನ್ನೂ ಹತ್ತಸಬ್ಯಾಡ್ರಿ. ಕೆಳಗಿನ ಬೇರಿಂಗ್ ಹೋಗೈತಿ.”

ದ್ಯಾಮಪ್ಪನ ನಗು ಪೂರ್ತಿ ಆರದೆ ಮುಖದ ಮೇಲೆ ಅಲ್ಲಲ್ಲಿ ಉಳಿಯಿತು. “ಮುಂಜಾನಿ ಟ್ಯಾಪೆಟ್ ಅಂದ್ರಿ?”

ಇಲ್ಲಿ ಹೇಳಬೇಕಿತ್ತು. ಬಾಗಿಲು ತೆರೆದೇ ಇತ್ತು, ಒಂದು ಹೆಜ್ಜೆ ಸಾಕಿತ್ತು. ಹಿಂದೆ ಕುಳಿತವರೆಲ್ಲ ಇತ್ತ ತಿರುಗಿದ್ದರು, ಒಬ್ಬ ಮುದುಕಿ ಸೆರಗನ್ನು ಕಿವಿಯ ಹಿಂದೆ ಸರಿಸಿ ಬಗ್ಗಿದ್ದಳು. ಅಷ್ಟೂ ಕಿವಿಗಳನ್ನು ನೋಡಿ ಶಿವಲಿಂಗನ ಬಾಯಿ ತಾನೇ ಬೇರೆ ದಾರಿ ಹಿಡಿಯಿತು. “ನೀವು ಬಾರಿಸಿದ್ದು ಹಂಗಿತ್ತು,” ಎಂದ. “ಮೂರನೇದು ಬಿಚ್ಚಿದಾಗ ಸಪ್ಪಳ ನಿಂತಿತ್ತು, ನೀವು ನಿಲ್ಲಸಲಿಲ್ಲ. ತಾಳಾ ತಪ್ಪಿತು.”

ಅಡಿವೆಯ್ಯನ ಹೊಟ್ಟೆ ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಕುಣಿಯತೊಡಗಿತು. “ದ್ಯಾಮ ತಾಳಾ ತಪ್ಪಿದಾ! ಬಸವಣ್ಣನ ಗುಡಿ ಮುಂದನ ಈ ಮಾತ ಕೇಳ್ಬೇಕಾತು. ಮಹಾದೇವಕ್ಕಾ, ಕೇಳಿದಿ?” ಸೆರಗು ಸರಿಸಿದ ಮುದುಕಿ ಕೈ ಬಾಯಿಗಿಟ್ಟುಕೊಂಡಳು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ ಅದು. ಆದರೆ ದ್ಯಾಮಪ್ಪನ ಮುಖ ಸಣ್ಣದಾಯಿತು, ಕಿವಿಗಳು ಕೆಂಪಾದವು, ಅವನು ತನ್ನ ಬಲಗೈಯನ್ನು ಯಾರದೋ ಕೈಯನ್ನು ನೋಡುವ ಹಾಗೆ ಮಗುಚಿ ನೋಡಿಕೊಂಡ. ಶಿವಲಿಂಗ ಅದನ್ನು ನೋಡಿದ. ಎಷ್ಟೋ ಜನರ ಬೆರಳುಗಳ ಮೇಲೆ ನಿಂತು ಅವನು ಬದುಕಿದ್ದ, ಯಾವ ಕೈಯ ಮೇಲೂ ಹೀಗೆ ತಪ್ಪು ಹೊರಿಸಿರಲಿಲ್ಲ.

“ನನ್ನ ತಾಳಾ ತಪ್ಪೂದಿಲ್ರಿ,” ಎಂದ ದ್ಯಾಮಪ್ಪ. “ಹಾಡೋರು ನಡುವ ಬಿಟ್ರ ತಾಳಾ ಬಿಡಬಾರದು. ನಮ್ಮ ಅಪ್ಪ ಹಂಗ ಕಲಿಸ್ಯಾನ. ನಿಂತಿತ್ತು ಅಂತೀರಿ. ತೋರಸ್ರಿ. ಎಲ್ಲಾರ ಮುಂದ ತೋರಸ್ರಿ.”

ಶಿವಲಿಂಗ ಕಿಸೆಯಿಂದ ಪಾನಾ ತೆಗೆದ. ಮೊದಲನೆಯದನ್ನು ಸಡಿಲಿಸಿದ. ಅಂಗೈಯನ್ನು ಯಾರ ಮುಂದೆಯೂ ಚಾಚಲಿಲ್ಲ. ಇಂಜಿನ್ನಿನ ಕಡೆಗೂ ನೋಡಲಿಲ್ಲ. ಮುಖಗಳನ್ನು ನೋಡಿದ. ಅಡಿವೆಯ್ಯ ನಗುತ್ತಲೇ ಇದ್ದ, ಮಹಾದೇವಕ್ಕ ಹುಬ್ಬು ಗಂಟಿಕ್ಕಿದ್ದಳು, ದ್ಯಾಮಪ್ಪ ಕಣ್ಣು ತೆರೆದೇ ಇದ್ದ. ಬಿಗಿ ಮಾಡಿದ. ಎರಡನೆಯದು. ಮುಖಗಳು ಹಾಗೆಯೇ. ಮೂರನೆಯದರ ನಟ್ಟು ತಿರುಗಿ ಡೀಸೆಲ್ ಉಕ್ಕಿದ್ದೇ ತಡ, ಆ ಎಲ್ಲ ಮುಖಗಳೂ ಒಟ್ಟಿಗೇ ಬದಲಾದವು. ನೆರೆದವರ ಮೇಲಿನಿಂದ ಯಾರೋ ಒಂದು ಬಟ್ಟೆಯನ್ನು ಸೆಳೆದು ತೆಗೆದ ಹಾಗೆ. ಅಡಿವೆಯ್ಯನ ನಗು ಬಾಯಲ್ಲೇ ನಿಂತಿತು. “ನಿಂತಿತಲೇ!” ಎಂದು ಅವನ ತುಟಿ ಹೇಳಿತು. ನಿಲ್ಲುವುದೆಂದರೆ ಹೀಗಿರುತ್ತದೆ ಎಂದು ಶಿವಲಿಂಗನಿಗೆ ಅನ್ನಿಸಿತು. ಎಷ್ಟೋ ಕಾಲದ ಮೇಲೆ ಅವನು ಒಂದು ಸಪ್ಪಳವನ್ನು, ಅದು ಇಲ್ಲದ ಹೊತ್ತಿನಲ್ಲಿ, ಬೇರೆಯವರ ಮುಖದ ಮೇಲೆ ಕಂಡ. ಬಿಗಿ ಮಾಡಿದ. ಮುಖಗಳು ಮತ್ತೆ ಕಿವುಚಿಕೊಂಡವು.

ದ್ಯಾಮಪ್ಪ ಒಳಗೆ ಕೈ ಹಾಕಿ ಕೀಲಿ ತಿರುಗಿಸಿ ಇಂಜಿನ್ನು ಬಂದ್ ಮಾಡಿದ. “ಇಳೀರಿ ಎಲ್ಲಾರೂ,” ಎಂದ, ಹಿಂದೆ ತಿರುಗದೆ. ಆಮೇಲೆ ಶಿವಲಿಂಗನ ಎದುರು ಬಂದು ನಿಂತ. “ಇಷ್ಟು ಸ್ವಚ್ಛ ನಿಂತದ್ದು. ನನಗಂತೂ ಕೈ ನಡದಿತ್ತು, ನಾ ತಾಳದಾಗಿದ್ನಿ. ನೀವೂ ಬಾಜೂಕ ನಿಂತಿದ್ರಿ. ನಿಮಗ ಕೇಳಸಲಿಲ್ಲೇನು?”

ಹೆಣ್ಣುಮಕ್ಕಳು ಸೀರೆ ಎತ್ತಿಕೊಂಡು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಅಡಿವೆಯ್ಯ ಪೆಟ್ಟಿಗೆಯನ್ನು ಕೆಳಗಿನವರ ಕೈಗೆ ಕೊಟ್ಟು, ಇಳಿಯದೆ, ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದ.

“ಇಲ್ಲ,” ಎಂದ ಶಿವಲಿಂಗ.

“ಏನಿಲ್ಲ?”

“ನನಗ ಕೇಳ್ಸೂದಿಲ್ಲ. ಭಾಳ ವರ್ಷಾತು.” ಮಾತು ಹೊರಬಂದ ಮೇಲೆ ಅದು ಎಷ್ಟು ಗಟ್ಟಿಯಾಗಿ ಬಂತೋ, ಎಷ್ಟು ಮೆಲ್ಲಗೆ ಬಂತೋ ಅವನಿಗೆ ಗೊತ್ತಾಗಲಿಲ್ಲ. ಮಹಾದೇವಕ್ಕ ತಿರುಗಿದ್ದರಿಂದ ಗಟ್ಟಿಯಾಗಿಯೇ ಬಂದಿರಬೇಕು. “ತಾಳಾ ತಪ್ಪಿಲ್ರಿ ನಿಮ್ಮದು. ಸುಳ್ಳ ಹೇಳ್ದೆ ಈಗ. ಕೇಳ್ಸೂದಿಲ್ಲ ಅಂತನ ನಾ ಎಲ್ಲಾರ ಕಡಿಂದ ಕೈ ಮ್ಯಾಲೆ ಬಾರಸ್ಕೋತೇನಿ. ವಿದ್ಯಾ ಅಲ್ಲ ಅದು. ಏನೂ ಅಲ್ಲ.”

ಇಷ್ಟು ಹೇಳಿದರೆ ಎದೆಯ ಮೇಲಿನ ಭಾರ ಇಳಿಯುತ್ತದೆಂದು ಅವನು ದಾರಿಯಲ್ಲಿ ಎಲ್ಲೋ ನಂಬಿದ್ದ. ಇಳಿಯಲಿಲ್ಲ. ಬದಲಿಗೆ ಬೆತ್ತಲೆ ನಿಂತವನಿಗೆ ಕೈ ಎಲ್ಲಿಡಬೇಕೋ ತಿಳಿಯದಂತೆ ಅವನು ಪಾನಾವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ದ್ಯಾಮಪ್ಪ ಬೈಯಲಿಲ್ಲ. ಅವನು ಬೈಯಲಿ ಎಂದು ಶಿವಲಿಂಗ ಕಾಯುತ್ತಿದ್ದ. ದ್ಯಾಮಪ್ಪನ ಕಣ್ಣುಗಳು ಇವನ ಕಿವಿಗಳ ಕಡೆ ಹೋದವು, ಮೊದಲು ಒಂದು, ಆಮೇಲೆ ಇನ್ನೊಂದು. ಹೊಸದಾಗಿ ಕಂಡ ವಸ್ತುವನ್ನು ನೋಡುವ ಹಾಗೆ ನೋಡಿದವು.

“ಗಾಡಿ ಇಲ್ಲೇ ಬಿಡ್ರಿ,” ಎಂದ ಶಿವಲಿಂಗ, ಒಂದರ ಬೆನ್ನಿಗೆ ಒಂದು ಮಾತು ಎಳೆದುಕೊಂಡು. “ನಾ ಹಗ್ಗಾ ಹಾಕ್ಸಿ ಒಯ್ತೇನಿ. ಇಂಜಿನ್ ಇಳಿಸಿ, ನಾನ ಕೈಯಾರ ಮಾಡಿ ಕೊಡ್ತೇನಿ. ಏನೂ ಕೊಡಬ್ಯಾಡ್ರಿ ನೀವು. ಕೈ ಸರಿ ಅದಾವ ನನ್ನೂವು, ಕೈಗೇನೂ ಆಗಿಲ್ಲ. ನಮ್ಮ ಮನಿಯಾಕಿನ್ನ ಬಾಜೂಕ ನಿಂದರಸ್ಕೋತೇನಿ, ಆಕಿಗೆ ಎಲ್ಲಾ ಕೇಳಸ್ತೈತಿ. ನಿಮ್ಮ ಗಾಡಿ ನನ್ನ ಕೈಗೆ ಕೊಡ್ರಿ ಇನ್ನೊಮ್ಮೆ.”

ದ್ಯಾಮಪ್ಪ ಒಂದು ಹೆಜ್ಜೆ ಹತ್ತಿರ ಬಂದ. ಈವರೆಗೆ ಯಾರೂ ಶಿವಲಿಂಗನ ಮುಂದೆ ಹಾಗೆ ಬಾಯಿ ತೆರೆದಿರಲಿಲ್ಲ: ಅಗಲವಾಗಿ, ನಿಧಾನವಾಗಿ, ಹಲ್ಲು ನಾಲಗೆ ಎಲ್ಲ ಕಾಣುವಂತೆ, ಗುಡಿಯ ಕಟ್ಟೆಯ ಮೇಲಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಮೊಂಡ ಮಗುವಿಗೆ ಹೇಳುವ ಹಾಗೆ.

“ಒಲ್ಲೆ,” ಎಂದ.